ಕನ್ನಡಿಯಕ್ಕ ಕಟ್ಟಿದ ಗಡ್ಡಪ್ಪನ ಮನೆ

ಕನ್ನಡಿಯಕ್ಕನಿಗೆ ವಾಸನೆ ಗೊತ್ತಾಗುವುದಿಲ್ಲ. ಈ ಸಂಗತಿ ಇಡೀ ಪ್ರಪಂಚದಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ, ಕನ್ನಡಿಯಕ್ಕನಿಗೆ. ನಾನೀಗ ನಿಮ್ಮ ಮುಂದೆ ಹೇಳಿಬಿಟ್ಟೆ. ಏನು ಮಾಡಲಿ, ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಮರದ ಸಾಮಾನಿನ ಕಾರ್ಖಾನೆಯೊಂದರ ಪಾಲಿಶ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು ಆಕೆ. ಮೇಜು, ಮಂಚ, ಬೀರು ಏನೇ ಕೊಡಿ, ಹತ್ತಿಯ ಉಂಡೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಪಾಲಿಶಿನಲ್ಲಿ ಅದ್ದಿ, ಮರದಲ್ಲಿ ತನ್ನ ಮುಖ ಕಾಣುವ ತನಕ ಉಜ್ಜುತ್ತಿದ್ದಳು. ಆ ಹೆಸರು ಬಿದ್ದದ್ದೂ ಅದರಿಂದಲೇ. ಒಂದು ದಿನ ಅಲ್ಲಿ ಪಾಲಿಶ್ ತೆಳುಮಾಡಲು ಬೆರೆಸುವ, ಮೂಗಿಗೆ ಅಡರುವ ಘಾಟಿನ ಥಿನ್ನರ್ ಡಬ್ಬ ಉರುಳಿ ನೆಲದ ತುಂಬ ಹರಿಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ಬಿದ್ದಂಬೀಳ ಹೊರಗೆ ಓಡಿದರೆ, ಈಕೆ ಮಾತ್ರ ಮಂಚದ ಕಾಲು ಉಜ್ಜುತ್ತಾ ನಿಂತಿದ್ದಳು. "ಅಬ್ಬಾ, ಎಂಥಾ ಗಟ್ಟಿಗಿತ್ತಿ!" ಎಂದು ಎಲ್ಲರೂ ಹೊಗಳಿದರು. ಗಟ್ಟಿಗಿತ್ತಿಯ ಎದೆ ಮಾತ್ರ ಡವಡವ ಅನ್ನುತ್ತಿತ್ತು, ಏಕೆಂದರೆ ಥಿನ್ನರ್ ಚೆಲ್ಲಿದ್ದು ಆಕೆಗೆ ತಿಳಿದದ್ದೇ ಕಾಲು ಒದ್ದೆಯಾದ ಮೇಲೆ. ಮೂಗು ಕೆಟ್ಟವರನ್ನು ಪಾಲಿಶಿನಿಂದ ಎತ್ತಿ ಪ್ಯಾಕಿಂಗಿಗೆ ಹಾಕುತ್ತಿದ್ದ ಕಾಲ ಅದು. ಹಾಗಾಗಿ ಬಾಯಿ ಬಿಡಲಿಲ್ಲ. ಆಮೇಲೆ ಹದಿನಾಲ್ಕು ವರ್ಷ ಕಳೆದು, ಕೆಲಸದಿಂದ ನಿವೃತ್ತಿಯೂ ಆಯಿತು. ಬಾಯಿ ಬಿಡದಿರುವುದು ರೂಢಿಯಾಗಿ ಉಳಿಯಿತು. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಒಂದು ಗುಟುಕು ಕುಡಿದು ನೋಡುತ್ತಾಳೆ. ಒಲೆಯ ಮೇಲೆ ಪಾತ್ರೆ ಇದ್ದರೆ ಕದಲುವುದಿಲ್ಲ. ಮಲಗುವ ಮುಂಚೆ ಗ್ಯಾಸಿನ ತಿರುಗಣಿಯನ್ನು ಮೂರು ಸಲ ಮುಟ್ಟಿ ನೋಡುತ್ತಾಳೆ. ಯಾರಾದರೂ ಹೂವು ಹಿಡಿದು ಬಂದರೆ ಮೂಗಿಗೆ ಹಿಡಿದು "ಆಹಾ!" ಅನ್ನುತ್ತಾಳೆ. ನಾಟಕ ಅಂದರೆ ನಾಟಕ!

ಇಂಥ ಮನೆಗೆ ಒಂದು ಭಾನುವಾರ ಮಗಳು ಬಂದಳು. ಶಾಲೆಯ ವ್ಯಾನು ಓಡಿಸುವ ಮಗಳು. ಗಂಡನ ಜೊತೆ ಏಳು ವರ್ಷ ಏಗಿ, ಇನ್ನು ಸಾಕು ಎಂದು ಹೊರಟು ಬಂದಿದ್ದಳು. ಒಂದು ಕೈಯಲ್ಲಿ ಸೂಟ್‌ಕೇಸು. ಇನ್ನೊಂದು ಕೈಯಲ್ಲಿ ಬಟ್ಟೆ ಒಗೆಯುವ ಪ್ಲಾಸ್ಟಿಕ್ ಟಬ್ಬು, ಅದರೊಳಗೆ ಮೊಳದುದ್ದದ ಒಂದು ಓತಿಕ್ಯಾತ. ಬೇಲಿಯ ಮೇಲೆ ತಲೆ ಆಡಿಸುವ ಜಾತಿಯದಲ್ಲ. ಮರಳುಗಾಡಿನ ಕಡೆಯದು, ಮೈತುಂಬ ಮುಳ್ಳು, ಗಂಟಲ ಕೆಳಗೆ ಗಡ್ಡದಂತೆ ಜೋಲುವ ಮುಳ್ಳುಚರ್ಮ. ಮಗಳು ಅದಕ್ಕೆ ಗಡ್ಡಪ್ಪ ಎಂದು ಹೆಸರಿಟ್ಟು ಐದು ವರ್ಷದಿಂದ ಸಾಕಿದ್ದಳು. ಅವನ ಗಾಜಿನ ತೊಟ್ಟಿ ಮನೆ ಬಿಡುವ ಗಲಾಟೆಯಲ್ಲಿ ಒಡೆದುಹೋಗಿತ್ತು.

ಬಾಗಿಲಲ್ಲೇ ಕನ್ನಡಿಯಕ್ಕನ ಬಾಯಿಂದ ಮಾತು ಜಾರಿತು. "ನೀನು ಬಾ. ಆ ಜಂತು ಮಾತ್ರ ಬೇಡ."

"ಹಾಗಾದ್ರೆ ನಾನೂ ಬೇಡ ಬಿಡಮ್ಮ. ಎರಡು ವಾರ ಟೈಮ್ ಕೊಡು, ರೂಮ್ ಹುಡುಕ್ಕೋತೀನಿ," ಎಂದಳು ಮಗಳು. ಹೇಳಿದಂತೆ ನಾಲ್ಕೇ ದಿನದಲ್ಲಿ ಊರಿನ ಆ ಕೊನೆಯಲ್ಲಿ ಒಂದು ರೂಮು ಹುಡುಕಿಯೂ ಬಿಟ್ಟಳು. ತಾಯಿಯ ಹಠ ಮಗಳಿಗೆ ಬಾರದೆ ಇರುತ್ತದೆಯೇ?

ಕನ್ನಡಿಯಕ್ಕ ಮನಸ್ಸಿನಲ್ಲೇ ತನ್ನ ನಾಲಿಗೆಗೆ ಹಿಡಿಶಾಪ ಹಾಕಿದಳು. ಗಂಡ ಸತ್ತ ಮೇಲೆ ಒಬ್ಬಳೇ ಇದ್ದ ಮನೆ. ಬೆಳಿಗ್ಗೆ ಬಚ್ಚಲಲ್ಲಿ ಇನ್ನೊಬ್ಬರು ಬಕೆಟ್ ಸದ್ದು ಮಾಡುವುದು, ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿರುವುದು, "ಅಮ್ಮಾ, ನನ್ನ ಬಾಚಣಿಗೆ ಎಲ್ಲಿ?" ಎಂದು ಕೂಗುವುದು, ಇವೆಲ್ಲ ಎಷ್ಟು ಹಿತವಾಗಿದ್ದವು ಎಂದರೆ ಆಕೆಗೇ ನಾಚಿಕೆಯಾಗುತ್ತಿತ್ತು. ಮಗಳು ಹೋಗಬಾರದು. ಆದರೆ "ಹೋಗಬೇಡ ಕಣೇ" ಎನ್ನುವ ಎರಡು ಪದ ಆ ಗಟ್ಟಿಗಿತ್ತಿಯ ಬಾಯಲ್ಲಿ ಬರಬೇಕಲ್ಲ! ಮಾತಿನಲ್ಲಿ ಆಗದ್ದನ್ನು ಕೈಯಲ್ಲಿ ಮಾಡುತ್ತೇನೆ ಎಂದು ಹೊರಟಳು. ಗಡ್ಡಪ್ಪನಿಗೆ ಈ ಮನೆಯಲ್ಲೇ ಒಂದು ಮನೆ ಕಟ್ಟಿಬಿಟ್ಟರೆ ಮಗಳು ಎಲ್ಲಿಗೆ ಹೋಗುತ್ತಾಳೆ? ಉಳಿದಿದ್ದದ್ದು ಹತ್ತು ದಿನ.

ಮರ ಮನೆಯಲ್ಲೇ ಇತ್ತು. ಮಗಳು ಚಿಕ್ಕವಳಿದ್ದಾಗ ಬಟ್ಟೆ ಇಡುತ್ತಿದ್ದ ಎರಡು ಬಾಗಿಲಿನ ಹಳೇ ಬೀರು, ಹಿತ್ತಿಲ ಕೋಣೆಯಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ಮಗಳು ವ್ಯಾನು ಹತ್ತಿ ಹೋದದ್ದೇ ತಡ, ಸೆರಗು ಸಿಕ್ಕಿಸಿ ಸ್ಕ್ರೂ ಬಿಚ್ಚಲು ಶುರುಮಾಡಿದಳು. ಗರಗಸ, ಉಳಿ ಕೇಳಲು ಕಾರ್ಖಾನೆಯ ಹಳೇ ಬಡಗಿಗೆ ಫೋನು ಮಾಡಿದಳು. ಎಲ್ಲರೂ ಅವನನ್ನು ಕರೆಯುವುದು ಮಿಲಿಮೀಟರ್ ಎಂದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಊಟ ಬಿಡುವ ಆಸಾಮಿ. ಚೀಲ ಹೊತ್ತು ಬಂದವನು ಬಿಚ್ಚಿದ ಬೀರು ನೋಡಿ ತಲೆ ಕೆರೆದುಕೊಂಡ.

"ಅಕ್ಕಾ, ಪಾಲಿಶ್‌ನೋರು ಯಾವತ್ತು ಮರ ಕುಯ್ದಿದ್ದು? ನಾವು ಮಾಡಿದ ತಪ್ಪು ಮುಚ್ಚೋದಷ್ಟೇ ನಿಮ್ಮ ಕೆಲಸ. ಸರೀರಿ ಆ ಕಡೆ, ನಾನು ಮಾಡ್ಕೊಡ್ತೀನಿ."

"ಮೂವತ್ತೊಂದು ವರ್ಷ ನಿನ್ನ ತಪ್ಪು ಮುಚ್ಚಿದೀನಿ ಅಂದ್ಮೇಲೆ ನಿನಗಿಂತ ಚೆನ್ನಾಗಿ ನಿನ್ನ ಕೆಲಸ ನನಗೆ ಗೊತ್ತು ಬಿಡಯ್ಯ. ಚೀಲ ಅಲ್ಲಿಟ್ಟು ಟೀ ಕುಡಿದು ಹೊರಡು."

ಅವನು ಟೀ ಕುಡಿದ, ಆದರೆ ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಬಾಯಲ್ಲೇ ಬಡಗಿ ಕೆಲಸ ಮಾಡಿದ. ಹೊಟ್ಟೆಕಿಚ್ಚಿಗಲ್ಲ, ಹೊತ್ತು ಹೋಗದೆ. ಪೆಟ್ಟಿಗೆಯ ಅಳತೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಬೀರುವಿನ ಬಾಗಿಲುಗಳು ತಳ ಮತ್ತು ಮಾಡಾದವು. ಮುಂದೆ ಜರುಗಿಸುವ ಗಾಜಿಗೆ ಎರಡು ತೋಡು ಕೊರೆಯುವುದರಲ್ಲಿ ಇಡೀ ಒಂದು ದಿನ ಹೋಯಿತು, ಹೆಬ್ಬೆರಳ ಉಗುರೂ ಕಪ್ಪಾಯಿತು. ಒಂದು ಹಲಗೆ ಗಿಡ್ಡವಾಗಿ ಮತ್ತೆ ಕುಯ್ದಳು. ಮಿಲಿಮೀಟರ್ "ಹೇಳಿದ್ನಲ್ಲ" ಎನ್ನಲು ಬಾಯಿ ತೆರೆದವನು, ಆಕೆಯ ಕೈಯಲ್ಲಿದ್ದ ಸುತ್ತಿಗೆ ನೋಡಿ ಮುಚ್ಚಿಕೊಂಡ. ಬಲಗಡೆ ಕೆಳಗೆ ಆರು ತೂತು, ಎಡಗಡೆ ಮೇಲೆ ಆರು ತೂತು, ಗಾಳಿ ಆಡುವುದಕ್ಕೆ. ಒಂದು ತುದಿಯಲ್ಲಿ ಬಿಸಿ ಕೊಡುವ ಬಲ್ಬು, ಇನ್ನೊಂದು ತುದಿ ತಂಪು. ಇದೆಲ್ಲ ಬೇಕು ಎಂದು ಮಗಳನ್ನು ಮಾತಿಗೆಳೆದು, ಏನೂ ಆಸಕ್ತಿ ಇಲ್ಲದವಳಂತೆ ಮುಖ ಮಾಡಿಕೊಂಡು ಕೇಳಿ ತಿಳಿದುಕೊಂಡಿದ್ದಳು.

"ಅದು ಯಾಕೆ ಸದಾ ಬಾಯಿ ಕಳೆದು ಕೂರತ್ತೆ?" ಎಂದೂ ಕೇಳಿದ್ದಳು.

"ಬಿಸಿ ಕಾಯ್ತಾ ಇರ್ತಾನಮ್ಮ. ಮೈ ಬೆಚ್ಚಗಾದಾಗ ಹಾಗೆ ಬಾಯಿ ತೆಗೀತಾನೆ. ಅವನಿಗದು ಸುಖ," ಎಂದಿದ್ದಳು ಮಗಳು.

ಆರನೇ ದಿನಕ್ಕೆ ಪೆಟ್ಟಿಗೆ ನಿಂತಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಹೇಳಲು ಏನೂ ಇರುತ್ತಿರಲಿಲ್ಲ. ಬೀರುವಿನ ಒಳಮೈಗೆ ಯಾರೂ ಪಾಲಿಶ್ ಮಾಡುವುದಿಲ್ಲ, ಅದು ಬರೀ ಮರವಾಗಿಯೇ ಇರುತ್ತದೆ. ಕನ್ನಡಿಯಕ್ಕನಿಗೆ ಅದನ್ನು ನೋಡಿ ಕೈ ಕಡಿಯತೊಡಗಿತು.

"ಒಳಗೆ ಯಾರು ನೋಡ್ತಾರಕ್ಕಾ?" ಎಂದ ಮಿಲಿಮೀಟರ್.

"ಒಳಗೆ ಇರೋನು ನೋಡ್ತಾನೆ."

ಒಳಗೆಲ್ಲ ನಾಲ್ಕು ಕೈ ಪಾಲಿಶ್ ಬಿತ್ತು. ಒಣಗಲೆಂದು ಹಿತ್ತಿಲ ಕೋಣೆಯ ಕಿಟಕಿ ತೆರೆದು, ಮಗಳ ಕಣ್ಣಿಗೆ ಬೀಳದಂತೆ ಬಾಗಿಲು ಹಾಕಿಟ್ಟಳು. ಎರಡು ದಿನ ಬಿಟ್ಟು ಹೆಬ್ಬೆರಳ ಉಗುರು ಒತ್ತಿ ನೋಡಿದಳು. ಗೆರೆ ಬೀಳಲಿಲ್ಲ. ಕಾರ್ಖಾನೆಯಲ್ಲಿ ಉಗುರಿನ ಗೆರೆ ಬೀಳದಿದ್ದರೆ ಒಣಗಿತು ಎಂದು ಲೆಕ್ಕ, ಸಾಮಾನು ಲಾರಿ ಹತ್ತುತ್ತಿತ್ತು. ಮೂಗು ಇದ್ದವರು ಒಮ್ಮೆ ಮೂಸಿಯೂ ನೋಡುತ್ತಿದ್ದರು. ಈಕೆಗೆ ಉಗುರೊಂದೇ ಗತಿ.

ಅಂದು ಶುಕ್ರವಾರ. ಮಗಳು ಬೆಳಗಿನ ಪಾಳಿಗೆ ಹೋಗಿದ್ದಳು. ಮಿಲಿಮೀಟರ್ ಬಂದು ಪೆಟ್ಟಿಗೆಯನ್ನು ನಡುಮನೆಗೆ ಎತ್ತಿಟ್ಟುಕೊಟ್ಟು ಹೋದ. ಬದುಕಿನಲ್ಲಿ ಮೊದಲ ಸಲ ಕನ್ನಡಿಯಕ್ಕ ಓತಿಕ್ಯಾತನನ್ನು ಮುಟ್ಟಿದಳು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಎರಡು ಕೈಯಲ್ಲಿ ಹೊಟ್ಟೆ ಹಿಡಿದು ಎತ್ತಿದಳು. ಮೆತ್ತಗಿತ್ತು. ಮುಳ್ಳು ಬರೀ ತೋರಿಕೆಗೆ. "ಅಯ್ಯೋ, ನೀನೂ ನನ್ನ ಹಾಗೇನಾ?" ಎಂದು ಪೆಟ್ಟಿಗೆಯಲ್ಲಿ ಬಿಟ್ಟು, ಗಾಜು ಸರಿಸಿ, ಬಲ್ಬು ಹಾಕಿದಳು. ಸ್ವಲ್ಪ ಹೊತ್ತಿಗೆ ಗಡ್ಡಪ್ಪ ಬಾಯಿ ತೆರೆದ. ಸುಖವಾಗಿದ್ದಾನೆ! ಆಕೆ ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತಳು. ಮಗಳು ಬಾಗಿಲು ತೆಗೆದಾಗ ಯಾವ ಮುಖ ಮಾಡುತ್ತಾಳೋ ಎಂದು ಕಾದಳು.

ಮಗಳು ಬಾಗಿಲು ತೆಗೆದಳು. "ಏನಿದು ವಾಸನೆ!" ಎಂದು ಕಿರುಚಿದಳು. ಚಪ್ಪಲಿ ಕಾಲಲ್ಲೇ ಓಡಿಬಂದು, ಗಾಜು ಎಳೆದು, ಗಡ್ಡಪ್ಪನನ್ನು ಎತ್ತಿಕೊಂಡು ಅಂಗಳಕ್ಕೆ ಹಾರಿದಳು. ಮೈಗೆ ಸಂಕಟವಾದರೆ ಕಪ್ಪಾಗುವ ಅವನ ಗಡ್ಡ ಇದ್ದಿಲಿನಂತಾಗಿತ್ತು, ಕುತ್ತಿಗೆ ಜೋತುಬಿದ್ದಿತ್ತು. ಬಲ್ಬಿನ ಶಾಖಕ್ಕೆ ಪಾಲಿಶಿನೊಳಗೆ ಅಡಗಿದ್ದ ಥಿನ್ನರೆಲ್ಲ ಹೊರಗೆ ಬಂದು ಪೆಟ್ಟಿಗೆ ತುಂಬಿಕೊಂಡಿತ್ತು. ತೂತುಗಳು ಯಾವ ಮೂಲೆಗೂ ಸಾಲಲಿಲ್ಲ.

"ನನ್ನ ಕಣ್ಣಲ್ಲಿ ನೀರು ಬರ್ತಿದೆ, ಬಾಗಿಲಲ್ಲೇ ಘಾಟು ಮೂಗಿಗೆ ಹೊಡೀತು! ಎದುರಿಗೇ ಕೂತಿದೀಯಲ್ಲ, ನಿನಗೆ ಗೊತ್ತಾಗ್ಲಿಲ್ವಾ?"

ಕನ್ನಡಿಯಕ್ಕ ಸ್ಟೂಲಿನಿಂದ ಎದ್ದು ಬಲ್ಬು ಆರಿಸಿದಳು.

"ಬೇಕು ಅಂತಾನೇ ಮಾಡ್ದೆ ಅಲ್ವಾ?" ಮಗಳ ದನಿ ಇಳಿದಿತ್ತು. "ಜಂತು ಬೇಡ ಅಂದಿದ್ದೆಯಲ್ಲ."

ಇದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ಉತ್ತರಕ್ಕೆ ಕಾಯದೆ ಮಗಳು ಅವನನ್ನು ಎದೆಗವಚಿಕೊಂಡು ಪಶುವೈದ್ಯರಲ್ಲಿಗೆ ಓಡಿದಳು. ಸಂಜೆ ಬಂದಳು. ಗಡ್ಡಪ್ಪ ಬದುಕಿದ್ದ. ತಾಯಿಯ ಕಡೆ ತಿರುಗಿಯೂ ನೋಡದೆ, "ಭಾನುವಾರ ಹೋಗ್ತೀನಿ," ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಇನ್ನೊಬ್ಬರಾಗಿದ್ದರೆ ಕೈ ಚೆಲ್ಲಿ ಕೂರುತ್ತಿದ್ದರು. ಕನ್ನಡಿಯಕ್ಕ ಶನಿವಾರ ಬೆಳಕು ಹರಿಯುತ್ತಲೇ ಪೆಟ್ಟಿಗೆಯನ್ನು ನೆಲದ ಮೇಲೆ ದರದರ ಎಳೆದು ಅಂಗಳಕ್ಕೆ ತಂದಳು. ಹಿತ್ತಿಲಲ್ಲಿ ಬಿದ್ದಿದ್ದ ಒಡೆದ ಗಾಜಿನ ಚೂರೊಂದನ್ನು ಬಟ್ಟೆಯಲ್ಲಿ ಹಿಡಿದು, ಒಳಗೆ ತಲೆ ಹಾಕಿ ಪಾಲಿಶ್ ಹೆರೆಯತೊಡಗಿದಳು. ಬದುಕಿಡೀ ಬಳಿದ ಕೈ ಮೊದಲ ಸಲ ಕೆರೆಯುತ್ತಿತ್ತು. ತನ್ನ ಮುಖ ಕಾಣುತ್ತಿದ್ದ ಜಾಗವೆಲ್ಲ ಸುರುಳಿ ಸುರುಳಿಯಾಗಿ ಉದುರಿ, ಅಡಿಯಿಂದ ಬಿಳಿಚಿದ ಮರ ಕಂಡಿತು. ಹೆರೆದಳು, ಉಜ್ಜುಕಾಗದ ಹಾಕಿದಳು, ಸೋಪಿನ ನೀರಲ್ಲಿ ತಿಕ್ಕಿದಳು, ಬಿಸಿಲಿಗೆ ತಿರುಗಿಸಿದಳು. ಹುಡುಕಿಕೊಂಡು ಬಂದ ಮಿಲಿಮೀಟರ್ ಗಡ್ಡಪ್ಪನಿಗಾದದ್ದನ್ನು ಕೇಳಿ, "ಸರೀರಿ ಅಕ್ಕಾ, ವಾಸನೆ ಹೋಗಿದೆಯಾ ಅಂತ ನಾನು ಮೂಸಿ ನೋಡ್ತೀನಿ," ಎಂದ.

ಒಂದು ಗಳಿಗೆ ಆಕೆಯ ಮನಸ್ಸು ಓಲಾಡಿತು. ಇವನು ಮೂಸಿ ಹೇಳಿದರೆ ಮುಗಿಯಿತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಆದರೆ ಮಗಳ ಮನಸ್ಸಿನಲ್ಲಿ ತಾನು ಬೇಕೆಂದೇ ಜೀವ ತೆಗೆಯಲು ಹೊರಟವಳಾಗಿಯೂ ಉಳಿಯುತ್ತಾಳೆ.

"ಬೇಡ. ಮೂಸೋರು ಬೇರೆ ಇದಾರೆ," ಎಂದಳು.

ಭಾನುವಾರ ಬೆಳಿಗ್ಗೆ ಸೂಟ್‌ಕೇಸು ಬಾಗಿಲ ಬಳಿ ಬಂದು ನಿಂತಿತು, ಅದರ ಪಕ್ಕದಲ್ಲಿ ಟಬ್ಬು. ಕನ್ನಡಿಯಕ್ಕ ಅಡ್ಡ ನಿಂತಳು. ಬೆರಳಿಗೆಲ್ಲ ಬ್ಯಾಂಡೇಜು.

"ಹೋಗೋ ಮುಂಚೆ ಆ ಪೆಟ್ಟಿಗೆ ಒಂದ್ಸಲ ಮೂಸಿ ನೋಡು."

"ನೀನೇ ಮೂಸ್ಕೋ."

"ನನಗೆ ಗೊತ್ತಾಗಲ್ಲ."

"ಏನು ಗೊತ್ತಾಗಲ್ಲ?"

"ವಾಸನೆ. ಹದಿನಾಲ್ಕು ವರ್ಷ ಆಯ್ತು. ಥಿನ್ನರ್ ತಿಂದುಹಾಕ್ತು. ಹೂವು, ಹಾಲು, ಪಾಲಿಶ್, ಎಲ್ಲಾ ಒಂದೇ. ಅವತ್ತು ಅವನು ಬಾಯಿ ತೆಗೆದಿದ್ದು ನೋಡಿ ಸುಖವಾಗಿದಾನೆ ಅಂದ್ಕೊಂಡೆ ಕಣೇ. ಆಣೆಗೂ."

ಸೀದ ಹಾಲನ್ನು ತಾಯಿ ಒಮ್ಮೆ ಸುಮ್ಮನೆ ಕುಡಿಯಲು ಕೊಟ್ಟದ್ದು, ತಾನು ಮದುವೆಯ ವರ್ಷ ತಂದುಕೊಟ್ಟ ಸೆಂಟಿನ ಬಾಟಲಿ ಇನ್ನೂ ತುಂಬಿಯೇ ಇರುವುದು, ಒಂದೊಂದೇ ನೆನಪಾಗಿ ಮಗಳ ಮುಖದ ಬಣ್ಣ ಬದಲಾಯಿತು.

"ಗ್ಯಾಸ್ ಲೀಕ್ ಆದ್ರೆ?"

"ಮೂರು ಸಲ ಮುಟ್ಟಿ ನೋಡ್ತೀನಿ."

"ಮುಟ್ಟಿ ನೋಡ್ತಾಳಂತೆ! ನಾನೆಲ್ಲೂ ಹೋಗಲ್ಲ. ನಿನ್ನ ಒಬ್ಬಳನ್ನೇ ಹೇಗೆ ಬಿಟ್ಟುಹೋಗಲಿ?"

ಈ ಮಾತಿಗೇ ಅಲ್ಲವೇ ಹತ್ತು ದಿನ ಉಳಿ, ಸುತ್ತಿಗೆ ಹಿಡಿದದ್ದು? ಆದರೆ ಕನ್ನಡಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಮೂಗಿನ ಕಾವಲಿಗೆ ಇರೋದಾದ್ರೆ ಈಗಲೇ ಹೊರಡು! ಮೂಗಿಲ್ದೆ ಹದಿನಾಲ್ಕು ವರ್ಷ ಬದುಕಿದೀನಿ, ಇನ್ನೂ ಬದುಕ್ತೀನಿ." ಅಷ್ಟರಲ್ಲಿ ಆಕೆಯ ದನಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಮುಂದುವರಿಸಿದಳು. "ನೀನು ಇಲ್ದೆ ಇರೋಕೆ ಬೇಜಾರು. ನೀನು ಇರ್ಬೇಕು ಅಂತ ನನಗೆ ಆಸೆ. ಅದಕ್ಕೆ ಇರೋದಾದ್ರೆ ಇರು. ಹೋಗ್ಬೇಡ ಕಣೇ."

ಮಗಳು ಅಂಗಳಕ್ಕೆ ಹೋಗಿ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಭುಜದ ತನಕ ತಲೆ ಒಳಗೆ ಹಾಕಿದಳು. ಎಷ್ಟು ಹೊತ್ತಾದರೂ ತಲೆ ಹೊರಗೆ ಬರಲಿಲ್ಲ. ಒಳಗಿನಿಂದ ಮೂಗು ಸೊರಸೊರ ಎಳೆಯುವ ಸದ್ದು ಬಂತು. ಅದು ಮೂಸಿದ ಸದ್ದೋ ಅತ್ತ ಸದ್ದೋ, ಕನ್ನಡಿಯಕ್ಕ ಕೇಳಲಿಲ್ಲ.

"ಇನ್ನೂ ಬರ್ತಿದೆ," ಎಂದಿತು ಪೆಟ್ಟಿಗೆಯೊಳಗಿನ ದನಿ. "ಇಲ್ಲಿ, ಹಿಂದಿನ ಮೂಲೆಯಲ್ಲಿ."

ಕನ್ನಡಿಯಕ್ಕ ಗಾಜಿನ ಚೂರು ತೆಗೆದುಕೊಂಡು ಪಕ್ಕದಲ್ಲೇ ಕೂತಳು. ಮಗಳು ಬೆರಳಿಟ್ಟಲ್ಲಿ ಹೆರೆದಳು.

"ಪೂರ್ತಿ ಹೋಗೋಕೆ ಎಷ್ಟು ದಿನ ಬೇಕಮ್ಮ?"

"ಯಾರಿಗೆ ಗೊತ್ತು? ದಿನಾ ಬಿಸಿಲಿಗಿಡ್ಬೇಕು. ದಿನಾ ನೀನು ಮೂಸಿ ಹೇಳ್ಬೇಕು."

"ಹಾಗಾದ್ರೆ ದಿನಾ ಇರ್ಬೇಕಲ್ಲ."

"ಇರ್ಬೇಕು," ಎಂದಳು ಕನ್ನಡಿಯಕ್ಕ. "ತಲೆ ಸ್ವಲ್ಪ ಆ ಕಡೆ ತಗೋ, ಕೈಯಾಡಲ್ಲ."