ಪಕ್ಕದ ಮನೆಯ ಒಂದು ಚರಿಗೆ ನೀರು

ಸವಣೂರಿನ ಆ ಗಾರೆಕೆಲಸದ ಗೌಂಡಿಯನ್ನು ಯಾವ ಮನೆ ನೋಡಲು ಕರೆದರೂ ಅವರು ಅದರ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು. "ಮೊದಲ ಬಾಜೂ ಮನಿ ನೋಡೂಣ್ರಿ" ಎನ್ನುವುದು ಅವರ ಮಾತು.

ನಾವು ಕೊಳ್ಳಬೇಕೆಂದಿದ್ದು ಸಾಲುಮನೆಗಳ ನಡುವಿನ ಒಂದು ಹಳೆಯ ಮನೆ. ಮದುವೆಯಾದಾಗಿನಿಂದ ಬಾಡಿಗೆಗಿದ್ದ ನಮಗೆ ಅದರ ಪಡಸಾಲೆ, ತೇಗದ ಕಂಬ ಎಲ್ಲ ಹಿಡಿಸಿದ್ದವು. ಆದರೆ ಅಡುಗೆಮನೆಯ ಗೋಡೆಯಲ್ಲಿ ಎದೆಯೆತ್ತರ ತೇವ ಏರಿತ್ತು. "ಈ ಮನಿ ಬ್ಯಾಡ ಬಿಡ್ರಿ" ಎಂದಿದ್ದಳು ನನ್ನ ಹೆಂಡತಿ.

ಗೌಂಡಿ ಪಕ್ಕದ ಮನೆಯ ಅಕ್ಕನಿಂದ ಒಂದು ಚರಿಗೆ ನೀರು ಕೇಳಿ ಕುಡಿದರು. ಆಮೇಲೆ ಜ್ವರ ನೋಡುವವರಂತೆ ಆ ಅಡುಗೆಮನೆಗೆ ತಾಗಿದ ಗೋಡೆಗೆ ಕೈಯ ಹಿಂಬದಿ ಒತ್ತಿದರು. "ಅಕ್ಕಾರ, ನಿಮ್ಮ ಬಚ್ಚಲ ಎಲ್ಲೈತ್ರಿ?"

ಬಚ್ಚಲು ಆ ಗೋಡೆಗೇ ಅಂಟಿಕೊಂಡಿತ್ತು.

"ಮೋರಿ ಒಡದು ಭಾಳ ದಿನಾ ಆತ್ರಿ. ಯಾರೂ ಕೇಳಲಿಲ್ಲ" ಎಂದರು ಆಕೆ.

ಗೌಂಡಿ ನಮ್ಮತ್ತ ತಿರುಗಿದರು. "ಗ್ವಾಡಿ ಗಟ್ಟಿ ಐತ್ರಿ. ಈ ಕಡಿಂದ ಮೋರಿ ಸರಿ ಮಾಡ್ತೇನಿ. ನೀವು ಮನಿ ತಗೋರಿ."

ತೆಗೆದುಕೊಂಡೆವು. ಒಂದು ಬೇಸಿಗೆಯಲ್ಲಿ ಗೋಡೆ ಒಣಗಿತು.

ಮೊನ್ನೆ ಬೆಳಿಗ್ಗೆ ಯಾರೋ ನಮ್ಮ ಬಾಗಿಲು ತಟ್ಟಿದರು. ತೆರೆದರೆ ಅದೇ ಗೌಂಡಿ. ನಮ್ಮ ಇನ್ನೊಂದು ಪಕ್ಕದ ಮನೆ ಮಾರಾಟಕ್ಕಿತ್ತು. ಅದನ್ನು ನೋಡಲು ಬಂದ ಗಂಡಹೆಂಡತಿ ಅವರ ಹಿಂದೆ ಸಂಕೋಚದಿಂದ ನಿಂತಿದ್ದರು.

"ಒಂದ್ ಚರಿಗಿ ನೀರ ಕೊಡ್ರಿ ಅಕ್ಕಾರ" ಎಂದರು ಗೌಂಡಿ.

ನನ್ನ ಹೆಂಡತಿ ಮೊದಲು ಹೋಗಿ ಬಚ್ಚಲಿನ ದೀಪ ಹಾಕಿದಳು. ಆಮೇಲೆ ನೀರು ತಂದಳು.