ಆ ಹೆಂಗಸಿಗೆ ಗಂಜಿ ಸಿಕ್ಕಿತೇ?

ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಸಾಲಿಗ್ರಾಮದ ಕೊಯ್ಲಾದ ಗದ್ದೆಯೊಂದರಲ್ಲಿ ಟೆಂಟ್ ಸಿನಿಮಾ ಬಂದು ಕೂತಿತು. ನಾನಾಗ ಆ ಊರಿನ ಹೊಸ ಸೊಸೆ. ಅತ್ತೆ ಅದಾಗಲೇ ಎರಡು ಸಿನಿಮಾ ನೋಡಿದವರು. ಹಾಗಾಗಿ ದಾರಿಯುದ್ದಕ್ಕೂ ನನಗೆ ಪಾಠ.

“ಹೆದ್ರುಕಾಗ ಹೆಣೆ. ಅಲ್ಲಿ ಜನ ಇರುದಿಲ್ಲ. ಬಟ್ಟಿ ಮೇಲೆ ಬೆಳ್ಕ್, ಅಷ್ಟೇ.”

ಹೆಂಗಸರ ಕಡೆ, ಹಗ್ಗದ ಈಚೆ, ಚಾಪೆ ಹಾಸಿ ಕೂತೆವು. ದೇವರ ಚಿತ್ರಕ್ಕೆ ಮೊದಲು ಯುದ್ಧದ ಸಮಾಚಾರ ಹಾಕಿದರು. ಅದರ ಮಾತು ಇಂಗ್ಲಿಷಿನದು. ಟೆಂಟಿನ ಮ್ಯಾನೇಜರು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದರು: “ಇವರು ಯೆಹೂದಿಗಳು. ಆ ಕುಲದಲ್ಲಿ ಹುಟ್ಟಿದ್ದೇ ತಪ್ಪೆಂದು ಜರ್ಮನಿಯ ಸರ್ಕಾರ ತಂತಿಬೇಲಿಯೊಳಗೆ ಕೂಡಿಹಾಕಿ ಲಕ್ಷಗಟ್ಟಲೆ ಜನರನ್ನು ಕೊಂದಿತು. ಉಳಿದವರಿಗೆ ಈಗ ಬಿಡುಗಡೆ!”

ಪರದೆಯ ಮೇಲಿನವರು ಮೂಳೆಗಳಿಗೆ ಪಟ್ಟೆ ಬಟ್ಟೆ ಸುತ್ತಿದಂತಿದ್ದರು. ಒಬ್ಬ ಸಿಪಾಯಿ ಕೊಪ್ಪರಿಗೆಯಿಂದ ಗಂಜಿಯಂಥದೇನೋ ಬಡಿಸುತ್ತಿದ್ದ. ಮುದುಕಿಯೊಬ್ಬಳು ತಗಡಿನ ಡಬ್ಬಿ ಚಾಚಿದಳು. ಸೌಟು ಮೇಲೆದ್ದಿತು. ಅಷ್ಟರಲ್ಲಿ ಚಿತ್ರ ಬದಲಾಗಿ, ಬ್ಯಾಂಡಿನ ಜೊತೆ ಸೈನಿಕರ ಮೆರವಣಿಗೆ ಬಂತು.

ಅತ್ತೆ ಎದ್ದು ನಿಂತರು. “ಹ್ವಾಯ್! ಆ ಅಮ್ಮಂಗೆ ಗಂಜಿ ಹಾಕ್ಲಿಲ್ಲ!”

“ಅಮ್ಮ, ಕೂಕಣಿ! ನೆರ್ಳ್ ಬೀಳ್ತ್!” ಗಂಡಸರ ಕಡೆಯಿಂದ ಯಾರೋ ಕೂಗಿದರು. ನಿಜವೇ, ಸೈನಿಕರ ಮಧ್ಯೆ ಅತ್ತೆಯ ತುರುಬೂ ಮೆರವಣಿಗೆ ಹೊರಟಿತ್ತು. ಅವರು ಕೂರಲಿಲ್ಲ. ರೀಲು ಮುಗಿದು ದೀಪ ಹತ್ತಿತು. ಮ್ಯಾನೇಜರು ಓಡಿಬಂದರು.

“ಅಮ್ಮಾ, ಫಿಲ್ಮ್ ಇರೋದೇ ಅಷ್ಟು.”

“ಮತ್ತ್ ಅವ್ಳ್ ಉಂಡ್ಲಾ ಇಲ್ಯಾ?”

ಮ್ಯಾನೇಜರಿಗೆ ದೊಡ್ಡ ಚಿತ್ರ ಶುರುಮಾಡುವ ಅವಸರ. “ಉಂಡಳಮ್ಮ, ಹೊಟ್ಟೆತುಂಬ.”

“ನಂಚ್ಕಂಬುಕೆ?”

“ಮಿಡಿ ಉಪ್ಪಿನಕಾಯಿ.”

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬಿಳಿ ಸೋಜರಿಗೆ ಮಿಡಿ ಉಪ್ಪಿನಕಾಯಿ ಎಲ್ಲಿಂದ್ ಬಂತ್? ಸುಳ್ ಹೇಳ್ತ್ರಿ ನೀವ್.”

ಟೆಂಟಿಗೆ ಟೆಂಟೇ ನಕ್ಕಿತು. ಮ್ಯಾನೇಜರೂ ನಗಹೊರಟು ನಿಲ್ಲಿಸಿದರು. “ನನಗೆ ಗೊತ್ತಿಲ್ಲಮ್ಮ,” ಎಂದರು ಮೆಲ್ಲಗೆ. “ಮಂಗಳೂರು ಬಿಟ್ಟಾಗಿನಿಂದ ದಿನಾ ಇದನ್ನೇ ತೋರಿಸ್ತಾ ಇದ್ದೇನೆ. ಅವಳು ಉಂಡಳೋ ಇಲ್ಲವೋ ಅಂತ ಒಂದು ಸಲವೂ ಯೋಚಿಸಲಿಲ್ಲ.”

ನೆರಳು ಬೀಳುತ್ತದೆಂದು ಕೂಗಿದ್ದ ಗಂಡಸೇ, “ಇನ್ನೊಂದ್ಸಲ ಹಾಕಿ, ಕಾಂಬ,” ಎಂದ.

ಹಾಕಿದರು. ಈ ಸಲ ಯಾರೂ ನಗಲಿಲ್ಲ. ಮುದುಕಿ ಡಬ್ಬಿ ಚಾಚಿದಾಗ ಹಗ್ಗದ ಆಚೆಯಿಂದ, “ಹಾಕಾ, ಹಾಕಾ ಮಾರಾಯ!” ಎಂದು ಗಂಡಸರೆಲ್ಲ ಒಟ್ಟಾಗಿ ಕೂಗಿದರು. ಸೌಟು ಮೇಲೆದ್ದಿತು. ಬ್ಯಾಂಡು ಬಂತು.

ಆಮೇಲೆ ದೇವರ ಚಿತ್ರ. ರಾಜ್ಯ ಕಳೆದುಕೊಂಡ ರಾಣಿ ಕಾಡಿನಲ್ಲಿ ಉದ್ದಕ್ಕೆ ಹಾಡಿದಳು. ಸುತ್ತಲಿನ ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಂಡರು, ನಾನೂ ಬಿಕ್ಕಿದೆ. ಅತ್ತೆ ಮೊಣಕೈಯಿಂದ ತಿವಿದರು.

“ಎಂತಕ್ಕೆ ಅಳೂದ್? ಅವ್ಳ್ ಕೆನ್ನಿ ಕಾಣ್. ಈಗಷ್ಟೇ ಉಂಡ್ಕಂಡ್ ಬಂದದ್.”