ಮುಳ್ಳು ತೆಗೆದವರು

ಬೈಲಹೊಂಗಲದ ಚರ್ಮದ ಡಾಕ್ಟರೊಬ್ಬರು ರೋಗಿಯ ಕಾಲಿನ ಗಂಟು ಮುಟ್ಟುವ ಮೊದಲೇ ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದರು: “ಮುಳ್ಳ ಯಾರ ತಗದ್ರಿ?” ಮುಳ್ಳು ನೆಟ್ಟಿತ್ತೇ ಎಂದು ಕೇಳಿದರೆ ಹೊಲದಲ್ಲಿ ದುಡಿಯುವವರು ಇಲ್ಲವೆಂದೇ ಅನ್ನುತ್ತಾರಂತೆ; ದಿನವೂ ಚುಚ್ಚುವ ಮುಳ್ಳು ಮರೆತರೂ ತೆಗೆದವರನ್ನು ಮರೆಯುವುದಿಲ್ಲವಂತೆ.

ಸಂಗೊಳ್ಳಿಯ ನನ್ನ ಮಾವನ ಪಾದ ಬಾತು, ಗಂಟೆದ್ದು, ಕೀವು ಸೋರುತ್ತಿತ್ತು. ಎಡಗಾಲೋ ಬಲಗಾಲೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಕ್ಯಾನ್ಸರ್, ಕಾಲು ತೆಗೆಯುತ್ತಾರೆ ಎಂದು ಊರೇ ಹೆದರಿಸಿತ್ತು. ಅವರನ್ನು ಈ ಡಾಕ್ಟರ ಹತ್ತಿರ ಕರೆದೊಯ್ದೆವು.

“ಮುಳ್ಳ ಯಾರ ತಗದ್ರಿ?”

ಮಾವ ಪಕ್ಕದಲ್ಲಿದ್ದ ಅತ್ತೆಯತ್ತ ಕೈ ಮಾಡಿದರು. “ಇಕೀನರಿ, ಸೂಜೀಲೆ. ಅರ್ಧಾ ಒಳಗ ಬಿಟ್ಟಳು.”

ಡಾಕ್ಟರು ಗಂಟಿನ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ನಕ್ಕರು. “ಕ್ಯಾನ್ಸರ್ ಅಲ್ರಿ. ಹಳೀ ರೊಟ್ಟಿ ಮ್ಯಾಲ ಬೂಷ್ಟ ಬರತೈತಲ್ಲ, ಅದರ ತಮ್ಮ. ಮುಳ್ಳಿನ ಜೋಡಿ ಒಳಗ ಹೊಕ್ಕೈತಿ. ಗುಳಿಗಿ ಭಾಳ ದಿನ ನುಂಗ್ರಿ, ಕಾಲ ಉಳೀತೈತಿ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನೋಡ್ರಿ ಸಾಹೇಬ್ರ, ನಾ ಹೊರಗ ತಗದ ಅರ್ಧಾ ಮಾತ್ರ ಇವರಿಗೆ ನೆನಪಿಲ್ಲ.”